ಬಾಟಲಿ ಇಳಿದ ಮೇಲಿನ ರಾತ್ರಿ



ಕರು ಹಾಕಿದ ಮಾರನೇ ದಿನ ಹಸು ಮಲಗಿಬಿಟ್ಟರೆ ನಾವೆಲ್ಲ ಏನು ಮಾಡುತ್ತೇವೆ? ಡಾಕ್ಟರಿಗೆ ಫೋನ್ ಮಾಡುತ್ತೇವೆ. ಅವರು ಬರುವ ತನಕ ಎದೆ ಡವಡವ. ಬಂದು, ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಇಳಿಸಿದರೆಂದರೆ ನಮಗೂ ಅರ್ಧ ಜೀವ ಬಂದಂತೆ. ಹಸು ಒಮ್ಮೆ ತೇಗುತ್ತದೆ, ಸಗಣಿ ಹಾಕುತ್ತದೆ, ಒಣಗಿದ್ದ ಮೂತಿಯ ಮೇಲೆ ಬೆವರು ಹನಿಯುತ್ತದೆ. ಡಾಕ್ಟರು ಕೈ ತೊಳೆದುಕೊಂಡು ಹೊರಡುತ್ತಾರೆ. ನಾವೂ ಕೈ ತೊಳೆದುಕೊಳ್ಳುತ್ತೇವೆ. ನನ್ನ ತಕರಾರು ಡಾಕ್ಟರು ಕೈ ತೊಳೆದುಕೊಂಡದ್ದರ ಬಗ್ಗೆ ಅಲ್ಲ, ನಾವು ತೊಳೆದುಕೊಂಡದ್ದರ ಬಗ್ಗೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೆರಡು ವರ್ಷದಿಂದ ಹಾಲು ಹಾಕುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಯಾವಾಗಲೂ ಮೂರು ನಾಲ್ಕು ಹಸು. ಹಾಲು ಜ್ವರಕ್ಕೆ ಒಂದು ಹಸುವನ್ನು ಕಳೆದುಕೊಂಡಿದ್ದೇನೆ, ಒಂದನ್ನು ಉಳಿಸಿಕೊಂಡಿದ್ದೇನೆ. ಎರಡಕ್ಕೂ ಬಂದವರು ಒಬ್ಬರೇ ಡಾಕ್ಟರು, ಕೊಟ್ಟದ್ದೂ ಒಂದೇ ಔಷಧ. ಬೇರೆಯಾಗಿದ್ದದ್ದು ನಾವು.

ಮೊದಲನೆಯದು ಗೌರಿ. ಎಚ್.ಎಫ್. ಮಿಶ್ರತಳಿ, ನಾಲ್ಕನೇ ಸೂಲು. ಹಿಂದಿನ ಸೂಲಿನಲ್ಲಿ ಎರಡು ಹೊತ್ತು ಸೇರಿ 18 ಲೀಟರು ಕರೆದಿದ್ದಳು. ಸಂಜೆ ಕರು ಹಾಕಿದಳು, ಮಾಸೂ ಬಿತ್ತು. ಗಿಣ್ಣು ಹಾಲನ್ನು ಕೊನೇ ಹನಿಯವರೆಗೆ ಕರೆದೆ. ಬೀದಿಗೆಲ್ಲ ಗಿಣ್ಣು ಹಂಚಿದ ಸಂಭ್ರಮ ಬೇರೆ. ಬೆಳಗಿನ ಜಾವ ಎದ್ದು ನೋಡಿದರೆ ಮಲಗಿದ್ದಾಳೆ, ಕತ್ತು ಮಗ್ಗುಲಿಗೆ ತಿರುಗಿದೆ, ಕಿವಿ ಮುಟ್ಟಿದರೆ ಮಣ್ಣಿನ ಮಡಕೆಯಷ್ಟು ತಣ್ಣಗೆ. ಡಾಕ್ಟರು ಬಂದು ಬಾಟಲಿ ಕೊಟ್ಟು, "ಸಿಮೆಂಟಿನ ಮೇಲೆ ಬಿಡಬೇಡಿ ತಾಯಿ, ಮಗ್ಗುಲು ಬದಲಿಸ್ತಾ ಇರಿ" ಎಂದು ಹೇಳಿಯೇ ಹೋದರು. ನಾವು ಕೇಳಿಸಿಕೊಂಡೆವು, ಅಷ್ಟೆ. ಅರ್ಧ ಟನ್ನಿನ ಹಸುವನ್ನು ಯಾರು ಹೊರಳಿಸುತ್ತಾರೆ, ಹೇಗೂ ಔಷಧ ಒಳಗೆ ಹೋಗಿದೆ, ಎದ್ದುಕೊಳ್ಳುತ್ತಾಳೆ ಎಂದು ಮಲಗಿದೆವು. ರಾತ್ರಿ ಅವಳು ಏಳಲು ನೋಡಿದ್ದಾಳೆ. ಗಂಜಲದಿಂದ ಒದ್ದೆಯಾದ ಸಿಮೆಂಟು, ಹಿಂಗಾಲೆರಡೂ ಎರಡು ಕಡೆಗೆ ಜಾರಿ ಬಿದ್ದಿದ್ದಾಳೆ. ಆಮೇಲೆ ಏಳಲಿಲ್ಲ. ಮೂರನೇ ದಿನ ನೆಂಟರೊಬ್ಬರು ಬಂದು ಬೆಲ್ಲದ ನೀರು, ಎಣ್ಣೆ, ಇನ್ನೇನೋ ಸೊಪ್ಪಿನ ರಸ ಕಲಸಿ ಗೊಟ್ಟದಲ್ಲಿ ಹೊಯ್ದರು. ಕೆಮ್ಮಿದಳು. ಐದನೇ ದಿನ ಹೋದಳು. ಕರುವಿಗೆ ಪಕ್ಕದ ಮನೆಯ ಹಸುವಿನ ಹಾಲು ಬೇಡಿ ತಂದೆ.

ಈ ಕಾಯಿಲೆಗೆ ಹೆಸರೇ ಮೋಸದ್ದು. ಹಾಲು ಜ್ವರ ಅನ್ನುತ್ತೇವೆ, ಆದರೆ ಜ್ವರವೇ ಇರುವುದಿಲ್ಲ. ಹಸುವಿನ ಮೈಶಾಖ ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಇದರಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಆಗುವುದಿಷ್ಟು. ಹಸುವಿನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುತ್ತಿರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. ಒಂದು ಲೀಟರು ಗಿಣ್ಣು ಹಾಲಿನಲ್ಲಿ ಹೋಗುವುದು 2 ಗ್ರಾಂಗಿಂತ ಹೆಚ್ಚು. ಹತ್ತು ಲೀಟರು ಗಿಣ್ಣು ಕರೆದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಕೈಲಿರುವ ದುಡ್ಡಿನ ಆರೇಳು ಪಟ್ಟು ಖರ್ಚು ಒಂದೇ ದಿನಕ್ಕೆ ಬಂದಂತೆ. ಉಳಿದದ್ದನ್ನು ಮೂಳೆಯಿಂದಲೂ ಕರುಳಿನಿಂದಲೂ ತಂದು ತುಂಬಬೇಕು. ಆ ಕೆಲಸ ಮಾಡಿಸುವುದು ಕತ್ತಿನಲ್ಲಿ ಥೈರಾಯ್ಡ್ ಪಕ್ಕದಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು. ವಿಟಮಿನ್ ಡಿ ಅದಕ್ಕೆ ಜೊತೆಗಾರ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟ ಬೋರ್‌ವೆಲ್ ಮೋಟಾರು ಸ್ವಿಚ್ ಹಾಕಿದ ಕೂಡಲೇ ನೀರೆತ್ತುತ್ತದೆಯೇ? ಇದೂ ಹಾಗೆ. ಪೂರ್ತಿ ಚುರುಕಾಗಲು ಒಂದೆರಡು ದಿನ ಬೇಕು. ಆ ಒಂದೆರಡು ದಿನದಲ್ಲೇ ಹಸು ಬೀಳುವುದು. ಹೆಚ್ಚಿನ ಹಸುಗಳು ಕರು ಹಾಕಿದ 72 ಗಂಟೆಯೊಳಗೆ ಬೀಳುತ್ತವೆ. ಮೊದಲ ಸೂಲಿನ ಕಡಸುಗಳಲ್ಲಿ ಅಪರೂಪ. ಮೂರನೇ ಸೂಲಿನಿಂದಾಚೆಗೆ, ಹೆಚ್ಚು ಹಾಲಿನವಕ್ಕೆ, ಅದರಲ್ಲೂ ಜೆರ್ಸಿಗಳಿಗೆ ಭಯ ಜಾಸ್ತಿ. ಒಮ್ಮೆ ಬಂದ ಹಸುವಿಗೆ ಮುಂದಿನ ಸೂಲಿನಲ್ಲೂ ಬರುವ ಸಂಭವ ಹೆಚ್ಚು.

ಡಾಕ್ಟರು ಕೊಡುವ 450 ಎಂ.ಎಲ್. ಬಾಟಲಿಯಲ್ಲಿ ಇರುವ ಕ್ಯಾಲ್ಸಿಯಂ 8 ಗ್ರಾಂ ಚಿಲ್ಲರೆ. ಅದು ಕೈಗಡ. ಹಸುವಿನ ಸ್ವಂತ ಸಂಪಾದನೆ ಶುರುವಾಗುವವರೆಗೆ ಕೆಲವು ಗಂಟೆ ತಳ್ಳಲು ಕೊಟ್ಟದ್ದು. ಅದಕ್ಕೇ ಎದ್ದು ನಿಂತ ಹಸುಗಳಲ್ಲೂ ಸುಮಾರು ಕಾಲು ಭಾಗ ಒಂದೆರಡು ದಿನದೊಳಗೆ ಮತ್ತೆ ಮಲಗುತ್ತವೆ. "ಬಾಟಲಿ ಕೊಟ್ಟರೂ ಮತ್ತೆ ಬಿತ್ತು, ಡಾಕ್ಟರಿಗೆ ಕೈಗುಣ ಇಲ್ಲ" ಎಂದು ಡೇರಿ ಕಟ್ಟೆಯ ಮೇಲೆ ಕೂತು ಮಾತಾಡುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಳೆಯ ಕಾಲದ ಒಂದು ಸಂಗತಿ ಹೇಳುತ್ತೇನೆ, ತರಬೇತಿಗೆ ಹೋದಾಗ ಕೇಳಿದ್ದು. ಈ ಕಾಯಿಲೆಗೆ ಕಾರಣ ಕ್ಯಾಲ್ಸಿಯಂ ಎಂದು ಗೊತ್ತಾಗಿದ್ದೇ 1925ರ ಸುಮಾರಿಗೆ, ಸ್ಕಾಟ್ಲೆಂಡಿನಲ್ಲಿ. ಅದಕ್ಕಿಂತ ಮುಂಚೆ ಯೂರೋಪಿನಲ್ಲಿ ಹಸುಗಳು ರಾಶಿರಾಶಿ ಸಾಯುತ್ತಿದ್ದವು. ಡೆನ್ಮಾರ್ಕಿನ ಸ್ಮಿಟ್ ಎಂಬ ಪಶುವೈದ್ಯರು 1897ರಲ್ಲಿ ಕೆಚ್ಚಲೊಳಗೆ ಔಷಧ ತುಂಬುವ ಕ್ರಮ ಹೇಳಿಕೊಟ್ಟರು. ಆಮೇಲೆ ನೋಡಿದರೆ ಔಷಧವೇ ಬೇಕಿಲ್ಲ, ಮೊಲೆತೊಟ್ಟಿನ ಮೂಲಕ ಬರೀ ಗಾಳಿ ಊದಿದರೂ ಹಸು ಏಳುತ್ತಿತ್ತು! ಕೆಚ್ಚಲು ಬಿಗಿದಾಗ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ, ಅದೇ ಗುಟ್ಟು. ಈಗ ಯಾರೂ ಗಾಳಿ ಊದಲು ಹೋಗಬೇಡಿ, ಕೆಚ್ಚಲು ಬಾವು ತಂದುಕೊಳ್ಳುತ್ತೀರಿ. ಆದರೆ ಅದರಲ್ಲಿರುವ ಬುದ್ಧಿಯನ್ನು ಬಿಡಬೇಡಿ. ಹೆಚ್ಚು ಹಾಲಿನ, ವಯಸ್ಸಾದ ಹಸು ಕರು ಹಾಕಿದ ಮೊದಲ ಎರಡು ದಿನ ಗಿಣ್ಣನ್ನು ಪೂರ್ತಿ ಬಸಿಯಬೇಡಿ. ಕರುವಿಗೆ ಬೇಕಾದಷ್ಟು ಕರೆಯಿರಿ. ಮೂವತ್ತು ಕಿಲೋ ಕರುವಿಗೆ ಮೊದಲ ದಿನ ಮೂರು ಲೀಟರಿನಷ್ಟು ಸಾಕು, ಅದರಲ್ಲಿ ಮೊದಲ ಪಾಲು ಹುಟ್ಟಿದ ಗಂಟೆ ಎರಡು ಗಂಟೆಯೊಳಗೇ ಹೊಟ್ಟೆಗೆ ಹೋಗಬೇಕು. ಬೀದಿಗೆ ಗಿಣ್ಣು ಹಂಚುವುದನ್ನು ಎರಡು ದಿನ ಮುಂದಕ್ಕೆ ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಚ್ಚಲು ಬಾವು ಇರುವ ಹಸುವಿಗೆ ಮಾತ್ರ ಈ ಮಾತು ಸಲ್ಲದು, ಅಲ್ಲಿ ಡಾಕ್ಟರು ಹೇಳಿದಂತೆ ನಡೆಯಿರಿ.

ಇನ್ನು ಲಕ್ಷ್ಮಿಯ ವಿಷಯ. ಗೌರಿ ಹೋದ ಎರಡು ವರ್ಷಕ್ಕೆ ಅವಳೂ ಅದೇ ರೀತಿ ಮಲಗಿದಳು. ಅಷ್ಟರಲ್ಲಿ ನಮ್ಮ ಅತ್ತೆಗೆ ಪಾರ್ಶ್ವವಾಯು ಬಡಿದು, ತಿಂಗಳುಗಟ್ಟಲೆ ಹಾಸಿಗೆಯಲ್ಲಿಟ್ಟು ನೋಡಿಕೊಂಡಿದ್ದೆ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬಂದು ಹೋಗುತ್ತಿದ್ದದ್ದು ದಿನಕ್ಕೆ ಐದು ನಿಮಿಷ. ಉಳಿದ ಹೊತ್ತೆಲ್ಲ ನರ್ಸಮ್ಮನದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಹುಣ್ಣಾಗುತ್ತದೆ, ಮಲಗಿಸಿಕೊಂಡು ನೀರು ಹೊಯ್ಯಬೇಡಿ, ನೆತ್ತಿಗೇರುತ್ತದೆ ಎಂದು ಆಕೆ ಹೇಳಿಕೊಟ್ಟದ್ದನ್ನೇ ನಾನು ಕೊಟ್ಟಿಗೆಗೆ ತಂದೆ. ನಲವತ್ತೈದು ಕಿಲೋ ಅತ್ತೆಗೇ ಹುಣ್ಣಾಗುವುದಾದರೆ, ಅರ್ಧ ಟನ್ನು ಹಸುವಿನ ಅಡಿಯಲ್ಲಿ ಸಿಕ್ಕ ತೊಡೆಯ ಗತಿ ಏನು? ಗಟ್ಟಿ ನೆಲದಲ್ಲಿ ಒಂದೇ ಮಗ್ಗುಲಿಗೆ ಆರು ಗಂಟೆ ಮಲಗಿದರೆ ಸಾಕು, ಅಡಿಯ ಕಾಲಿನ ಮಾಂಸಕ್ಕೆ ರಕ್ತ ಹೋಗದೆ ಅದು ಸಾಯತೊಡಗುತ್ತದೆ, ನರ ಜಜ್ಜುತ್ತದೆ. ಆಮೇಲೆ ರಕ್ತದಲ್ಲಿ ಎಷ್ಟೇ ಕ್ಯಾಲ್ಸಿಯಂ ತುಂಬಿದರೂ ಕಾಲು ಕೇಳುವುದಿಲ್ಲ. ನನ್ನ ಗೌರಿ ಕ್ಯಾಲ್ಸಿಯಂ ಇಲ್ಲದೆ ಸಾಯಲಿಲ್ಲ ಬಂಧುಗಳೇ. ಸಿಮೆಂಟಿನ ಮೇಲೆ, ಗೊಟ್ಟದ ಬಾಯಲ್ಲಿ ಸತ್ತಳು.

ಲಕ್ಷ್ಮಿಯನ್ನು ಮೊದಲು ಸಿಮೆಂಟಿನಿಂದ ಈಚೆಗೆ ತಂದೆವು. ಕಾಲು ಹಿಡಿದು, ಬಾಲ ಹಿಡಿದು ಎಳೆಯುವುದಲ್ಲ. ಹಳೇ ಟಾರ್ಪಾಲಿನ ಮೇಲೆ ಹೊರಳಿಸಿ, ಟಾರ್ಪಾಲು ಎಳೆದೆವು. ಬೇವಿನ ಮರದಡಿಯ ಮಣ್ಣಿನ ನೆಲಕ್ಕೆ ಮರಳು ಹರಡಿ, ಮೇಲೆ ಒಂದು ಗೇಣು ದಪ್ಪ ರಾಗಿ ಹುಲ್ಲು ಹಾಸಿದ್ದೆವು. ರಬ್ಬರ್ ಮ್ಯಾಟ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ನಿಂತ ಹಸುವಿಗೆ ಅದು ಸರಿ, ಬಿದ್ದ ಹಸು ಏಳುವಾಗ ಒದ್ದೆ ಮ್ಯಾಟೂ ಸಿಮೆಂಟಿನಷ್ಟೇ ಜಾರುತ್ತದೆ. ಎದೆಯ ಮೇಲೆ ನೆಟ್ಟಗೆ ಕೂರುವಂತೆ ಎರಡೂ ಕಡೆಗೆ ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಟ್ಟೆವು. ಪೂರ್ತಿ ಒಂದು ಮಗ್ಗುಲಿಗೆ ಚಾಚಿ ಮಲಗಲು ಬಿಟ್ಟರೆ ಹೊಟ್ಟೆ ಉಬ್ಬರಿಸುತ್ತದೆ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕ್ಕೆ ಇಳಿಯುತ್ತದೆ.

ಮಗ್ಗುಲು ಬದಲಿಸುವುದಕ್ಕೆ ಮೂರು ಜನ ಸಾಕು, ಹತ್ತು ಜನ ಬೇಕಿಲ್ಲ. ಒಬ್ಬರು ತಲೆ ಹಿಡಿದುಕೊಂಡರೆ ಇಬ್ಬರು ಸೊಂಟ ತಳ್ಳಿ, ಅಡಿಯಲ್ಲಿ ಸಿಕ್ಕಿದ್ದ ಹಿಂಗಾಲು ಈಚೆಗೆ ಬರುವಂತೆ ಹೊರಳಿಸುವುದು. ಹಗಲು ಎರಡು ಮೂರು ಗಂಟೆಗೊಮ್ಮೆ ಮಾಡಿದೆವು. ರಾತ್ರಿ ಮೊಬೈಲಿನಲ್ಲಿ ಅಲಾರಾಂ ಇಟ್ಟು ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ. ಮಗ ಗೊಣಗಿದ. ಗೊಣಗಲಿ, ಎದ್ದು ಬಂದನಲ್ಲ. ಪ್ರತಿ ಸಲ ಹೊರಳಿಸಿದಾಗಲೂ ಅಡಿಯಲ್ಲಿದ್ದ ತೊಡೆಯನ್ನು ಹುಲ್ಲಿನ ಸಿಂಬಿಯಿಂದ ಉಜ್ಜಿದೆ, ಒದ್ದೆ ಹುಲ್ಲು ತೆಗೆದು ಒಣಗಿದ್ದು ಹಾಕಿದೆ, ಕೆಚ್ಚಲು ತೊಳೆದು ಒರೆಸಿದೆ. ಸಗಣಿಯಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಕಟ್ಟಿಟ್ಟ ಬುತ್ತಿ. ಬೆನ್ನ ಮೇಲೆ ಗೋಣಿ ಹೊದಿಸಿದೆ.

ಹಿಂಗಾಲುಗಳನ್ನು ಗೊರಸಿನ ಮೇಲಿನ ಗಿಣ್ಣಿನಿಂದ ಸ್ವಲ್ಪ ಮೇಲೆ, ಬಟ್ಟೆ ಸುತ್ತಿದ ಮೆತ್ತನೆ ಹಗ್ಗದಲ್ಲಿ, ನಡುವೆ ಒಂದೂವರೆ ಅಡಿ ಬಿಟ್ಟು ಒಂದಕ್ಕೊಂದು ಕಟ್ಟಿದ್ದೆವು. ಇದನ್ನು ಡಾಕ್ಟರೇ ತೋರಿಸಿಕೊಟ್ಟರು. ಏಳಲು ಹೊರಟಾಗ ಕಾಲುಗಳು ಎರಡು ಕಡೆಗೆ ಸೀಳಿಕೊಳ್ಳುವುದಿಲ್ಲ. ಗೌರಿಗೆ ಈ ಎರಡು ಮೊಳ ಹಗ್ಗ ಕಟ್ಟಿದ್ದರೆ ಎಂದು ನಾನು ಈಗಲೂ ಅಂದುಕೊಳ್ಳುವುದುಂಟು.

ಬಾಯಿಗೆ ಏನನ್ನೂ ಹೊಯ್ಯಲಿಲ್ಲ. ಇದಕ್ಕೇ ಮನೆಯಲ್ಲಿ ದೊಡ್ಡ ಜಗಳ. ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳುವವರೇ. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಕಾಲಿನ ಸ್ನಾಯು ಮಾತ್ರ ಸೋಲುವುದಲ್ಲ, ಗಂಟಲಿನ ಸ್ನಾಯುವೂ ಸೋಲುತ್ತದೆ. ಹೊಯ್ದದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳನೀರು ಆಗಲಿ, ಬೆಲ್ಲದ ನೀರಾಗಲಿ, ಅಂಗಡಿಯ ಕ್ಯಾಲ್ಸಿಯಂ ದ್ರಾವಣವೇ ಆಗಲಿ, ಮಲಗಿದ ಹಸುವಿಗೆ ಗೊಟ್ಟ ಹಿಡಿಯಲೇಬಾರದು. ಬಕೆಟ್ಟಿನಲ್ಲಿ ನೀರು, ಒಂದು ಹಿಡಿ ಹುಲ್ಲು ಮೂತಿಯ ಮುಂದೆ ಇಡಿ. ತಾನಾಗಿ ಕುಡಿದರೆ ಕುಡಿಯಲಿ.

ಮೊದಲ ರಾತ್ರಿ ಎರಡು ಗಂಟೆಗೆ ಕಿವಿ ಮುಟ್ಟಿ ನೋಡಿದಾಗ ಮತ್ತೆ ತಣ್ಣಗಾಗುತ್ತಿತ್ತು. ಥರ್ಮಾಮೀಟರು ಇಟ್ಟೆ, 99. ಬೆಳಿಗ್ಗೆ ಆರಕ್ಕೇ ಡಾಕ್ಟರಿಗೆ ತಿಳಿಸಿದೆ, ಬಂದು ಎರಡನೇ ಸಲ ಕೊಟ್ಟರು. ಕಾದು ಎಂಟೊಂಬತ್ತಕ್ಕೆ ನೋಡಿದ್ದರೆ ಪ್ರಜ್ಞೆಯೇ ತಪ್ಪಿರುತ್ತಿತ್ತೇನೋ. ನಾಲ್ಕನೇ ದಿನ ಮಧ್ಯಾಹ್ನ ಲಕ್ಷ್ಮಿ ಮುಂಗಾಲು ಮಂಡಿಯೂರಿ, ಹಿಂಭಾಗ ಎತ್ತಿ, ನಡುಗುತ್ತ ನಿಂತಳು. ಎರಡು ನಿಮಿಷ ನಿಂತು ಮತ್ತೆ ಕೂತಳು. ಸಂಜೆ ತಾನೇ ಎದ್ದು ಗೋದಲಿಯ ಕಡೆ ನಡೆದಳು. ಆ ಸೂಲಿನಲ್ಲಿ ಹಾಲು ಸ್ವಲ್ಪ ಕಡಿಮೆಯಾಯಿತು, ನಿಜ. ಹಸು ಉಳಿಯಿತಲ್ಲ.

ಥರ್ಮಾಮೀಟರಿನ ಮಾತು ಬಂತು. ಒಂದು ಹಾಲಿನ ಬಟವಾಡೆಯಲ್ಲಿ ಮೂಲೆಗೂ ಸಾಲದಷ್ಟು ಬೆಲೆಯ ವಸ್ತು, ನಮ್ಮ ಎಷ್ಟು ಮನೆಗಳಲ್ಲಿದೆ? ಡಾಕ್ಟರಿಗೋ 1962ಕ್ಕೋ ಫೋನ್ ಮಾಡಿ "ಹಸು ಮಲಗಿದೆ, ಬೇಗ ಬನ್ನಿ" ಎಂದರೆ ಅವರಿಗೆ ಏನು ತಿಳಿಯಬೇಕು? ಎಷ್ಟನೇ ಸೂಲು, ಕರು ಹಾಕಿ ಎಷ್ಟು ಗಂಟೆ, ಮಲಗಿ ಎಷ್ಟು ಗಂಟೆ, ಮೈಶಾಖ ಎಷ್ಟು, ಕತ್ತು ತಿರುಗಿದೆಯೇ, ಮೂತಿ ಒಣಗಿದೆಯೇ, ಕೆಚ್ಚಲು ಗಟ್ಟಿಯಾಗಿ ಬಿಸಿಯಾಗಿದೆಯೇ. ಇಷ್ಟು ಹೇಳಿದರೆ ಅವರು ಹೊರಡುವ ಮುಂಚೆಯೇ ಏನು ತರಬೇಕೆಂದು ಗೊತ್ತಾಗುತ್ತದೆ. ಮಲಗಿದ್ದೆಲ್ಲ ಹಾಲು ಜ್ವರವೂ ಅಲ್ಲ. ಕೆಚ್ಚಲು ಬಾವಿನ ನಂಜೇರಿ ಮಲಗಬಹುದು, ಕರು ಎಳೆಯುವಾಗ ಸೊಂಟದ ನರಕ್ಕೆ ಪೆಟ್ಟಾಗಿರಬಹುದು. ಕಣ್ಣು ಚುರುಕಾಗಿದ್ದು, ಮೇವು ತಿನ್ನುತ್ತಿದ್ದು, ಎದ್ದುನಿಲ್ಲಲು ಮಾತ್ರ ಆಗದಿದ್ದರೆ ರಂಜಕದ ಕೊರತೆಯೂ ಇರಬಹುದು. ಅದಕ್ಕೇ "ನರಕ್ಕೆ ಸೂಜಿ ಹಾಕಲು ಗೊತ್ತು" ಎನ್ನುವ ಊರಿನ ಯಾರೋ ಒಬ್ಬನನ್ನು ಕರೆಸಿ ಬಾಟಲಿ ಇಳಿಸುವುದು ಬೇಡವೇ ಬೇಡ. ಕ್ಯಾಲ್ಸಿಯಂ ಬೇಗಬೇಗ ನರಕ್ಕೆ ಹೋದರೆ ಹಸುವಿನ ಗುಂಡಿಗೆ ನಿಂತುಹೋಗುತ್ತದೆ. ಡಾಕ್ಟರು ಹತ್ತು ಹದಿನೈದು ನಿಮಿಷ ಬಾಟಲಿ ಹಿಡಿದು, ನಡುನಡುವೆ ಎದೆಗೆ ಕೊಳವೆ ಇಟ್ಟು ಕೇಳುವುದು ಸುಮ್ಮನಲ್ಲ.

ಬೀಳದಂತೆ ನೋಡಿಕೊಳ್ಳುವ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ಹಲವರಿಗೆ ಕೋಪ ಬರಬಹುದು. ಗಬ್ಬದ ಕೊನೇ ತಿಂಗಳಲ್ಲಿ ಲೀಟರುಗಟ್ಟಲೆ ಕ್ಯಾಲ್ಸಿಯಂ ದ್ರಾವಣ ಕುಡಿಸುತ್ತೇವಲ್ಲ, "ಶಕ್ತಿ ಬರಲಿ" ಎಂದು, ಅದು ಉಲ್ಟಾ ಕೆಲಸ. ಆಗ ಹೊಟ್ಟೆಗೆ ಧಾರಾಳ ಸಿಗುವುದರಿಂದ ಮೂಳೆಯಿಂದ ತೆಗೆಯುವ ಆ ಮೋಟಾರು ಪೂರ್ತಿ ಆಫ್ ಆಗಿ ಕೂರುತ್ತದೆ. ಕ್ಯಾಲ್ಸಿಯಂ ದ್ರಾವಣವೋ ಜೆಲ್ಲೋ ಬೇಕಾಗುವುದು ಕರು ಹಾಕುವ ಹೊತ್ತಿಗೆ, ಆಮೇಲೆ, ಅದೂ ನಿಂತು ನುಂಗಬಲ್ಲ ಹಸುವಿಗೆ. ಕೊನೇ ಮೂರು ವಾರ ಕುದುರೆ ಮೆಂತ್ಯದ ಸೊಪ್ಪನ್ನೂ ಕಡಿಮೆ ಮಾಡಿ. ಗೋಬರ್ ಗ್ಯಾಸಿನ ಬಗ್ಗಡ ಹರಿಸಿ ಬೆಳೆದ ನೇಪಿಯರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುತ್ತದೆ, ಅದು ರಕ್ತವನ್ನು ಕ್ಷಾರಗೊಳಿಸಿ ಆ ಹಾರ್ಮೋನಿನ ಮಾತು ಮೂಳೆಗೆ ಕೇಳದಂತೆ ಮಾಡುತ್ತದೆ. ಗಬ್ಬದ ಹಸುವಿಗೆ ಅದರ ಪಾಲು ತಗ್ಗಿಸಿ ರಾಗಿ ಹುಲ್ಲು, ಜೋಳದ ಸೊಪ್ಪೆ ಹೆಚ್ಚಿಸಿ. ಮೆಗ್ನೀಸಿಯಂ ಕೊರತೆಯಾದರೂ ಅದೇ ತೊಂದರೆ, ಆದ್ದರಿಂದ ಖನಿಜ ಮಿಶ್ರಣವನ್ನು ನೀವಾಗಿಯೇ ನಿಲ್ಲಿಸಬೇಡಿ, ಎಷ್ಟು ಕೊಡಬೇಕೆಂದು ಒಕ್ಕೂಟದ ಡಾಕ್ಟರನ್ನು ಕೇಳಿ. ಹಿಂದೆ ಒಮ್ಮೆ ಬಿದ್ದ ಹಸುವಾದರೆ ಕರು ಹಾಕುವ ತಿಂಗಳ ಮುಂಚೆಯೇ ಅವರಿಗೆ ಹೇಳಿಡಿ, ಕೊಡುವ ಲವಣಗಳೂ ಇಂಜೆಕ್ಷನ್ನೂ ಇವೆ.

ಈಗ ಒಕ್ಕೂಟಕ್ಕೂ ಸಂಘಗಳಿಗೂ ನನ್ನದೊಂದು ಅಹವಾಲು. ತರಬೇತಿಗೆ ಕರೆಯುವುದು ಷೇರು ಯಾರ ಹೆಸರಿನಲ್ಲಿದೆಯೋ ಅವರನ್ನು. ಮಿಶ್ರ ಸಂಘಗಳಲ್ಲಿ ಅದು ಹೆಚ್ಚಾಗಿ ಗಂಡಸರ ಹೆಸರು. ಡಾಕ್ಟರು ಬಂದಾಗ ಮೂಗುದಾರ ಹಿಡಿದು ನಿಲ್ಲುವವರೂ ಅವರೇ, ಡಾಕ್ಟರು ಹೇಳಿದ್ದನ್ನು ಕೇಳುವವರೂ ಅವರೇ. ರಾತ್ರಿ ಎರಡಕ್ಕೆ ಎದ್ದು ಕಿವಿ ಮುಟ್ಟಿ ನೋಡುವವಳು ಒಳಗೆ ಕಾಫಿ ಕಾಯಿಸುತ್ತಿರುತ್ತಾಳೆ. ಆರೈಕೆಯ ತರಬೇತಿ ಅಂತ ಅರ್ಧ ದಿನ ಇಟ್ಟು, ಹಾಲು ಕರೆಯುವವರು ಯಾರೋ ಅವರನ್ನು ಕರೆಯಿರಿ. ಸ್ಲೈಡ್ ತೋರಿಸುವುದು ಬೇಡ, ಒಂದು ಹಸುವನ್ನು ಮಲಗಿಸಿ ಹೊರಳಿಸುವುದನ್ನು ತೋರಿಸಿ. ಡಾಕ್ಟರೂ ಹೊರಡುವ ಮುಂಚೆ ಒಂದು ನಿಮಿಷ ಮನೆಯಾಕೆಯನ್ನು ಹೊರಗೆ ಕರೆದು ಅವಳಿಗೇ ಹೇಳಿ ಹೋಗಲಿ.

ಇನ್ನೊಂದು, ಪ್ರತಿ ಸಂಘವೂ ಆರೈಕೆಯ ಒಂದು ಮೂಟೆ ಇಟ್ಟುಕೊಳ್ಳಬೇಕು. ದಪ್ಪ ಟಾರ್ಪಾಲು ಒಂದು, ಮೆತ್ತನೆ ಹಗ್ಗ, ಥರ್ಮಾಮೀಟರು, ಖಾಲಿ ಗೋಣಿಚೀಲ ಆರು, ಚಾರ್ಜ್ ಆಗುವ ಟಾರ್ಚು. ಹಾಲಿನ ಕ್ಯಾನಿಗಿಂತ ದುಬಾರಿಯೇನಲ್ಲ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ನಾನು ಇದನ್ನು ಎತ್ತಿದಾಗ, "ಅವರವರ ಹಸು ಅವರವರು ನೋಡಿಕೊಳ್ಳಲಿ" ಎಂದವರೂ ಇದ್ದರು. ಒಂದು ಹಸು ಸತ್ತರೆ ಸಂಘಕ್ಕೆ ದಿನಕ್ಕೆ ಹತ್ತು ಹದಿನೈದು ಲೀಟರು ಕಡಿಮೆಯಾಗುತ್ತದೆ ಎಂದು ಕಾರ್ಯದರ್ಶಿಯೇ ಲೆಕ್ಕ ಹೇಳಿದ ಮೇಲೆ ಒಪ್ಪಿಗೆ ಸಿಕ್ಕಿತು. ಮೂಟೆ ಈಗ ಫ್ಯಾಟ್ ಪರೀಕ್ಷೆಯ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಅಂದರೆ, ಇದ್ದಾಗ. ಹೋದ ತಿಂಗಳು ಮೇಲಿನ ಬೀದಿಯವರು ಒಯ್ದಿದ್ದಾರೆ. ಅವರ ಜೆರ್ಸಿ ಎದ್ದು ಓಡಾಡಿಕೊಂಡಿದೆ, ಟಾರ್ಪಾಲು ಮಾತ್ರ ಇನ್ನೂ ವಾಪಸ್ ಬಂದಿಲ್ಲ.